ಶೇಂಗಾ ಡಬ್ಬಿಯ ಗೊರಗೊರ

ನಮ್ಮಪ್ಪನಿಗೆ ಫೋನಿನಲ್ಲಿ ಶುಭ ಸುದ್ದಿ ಹೇಳುವುದು ಬಲು ಕಷ್ಟದ ಕೆಲಸವಾಗಿತ್ತು. ಧಾರವಾಡದಿಂದ ಸೋದರತ್ತೆ ಫೋನ್ ಮಾಡಿ ಮೊಮ್ಮಗ ಹುಟ್ಟಿದ ಅಂತ ಕೂಗಿದರೆ ಅಪ್ಪ ಈ ಕಡೆಯಿಂದ, "ಲೈನಿನ್ಯಾಗ ಗೊರಗೊರ ಅನ್ನಾಕತ್ತೈತಿ, ಇಟ್ಟು ಮತ್ತ ಹಚ್ಚು" ಅಂದು ತಾನೇ ಮೊದಲು ಫೋನ್ ಇಟ್ಟುಬಿಡುತ್ತಿದ್ದ. ಮೊಮ್ಮಗ ಕಾಯಬೇಕು, ಮೊದಲು ಲೈನು ಸರಿಹೋಗಬೇಕು.

ಅವನನ್ನು ದೂರಿಯೂ ಪ್ರಯೋಜನವಿಲ್ಲ. ಅವನು ರೈಲ್ವೆಯ ಸಿಗ್ನಲ್ ಮತ್ತು ಟೆಲಿಫೋನ್ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ವರ್ಗವಾಗಿ ಕೋಲ್ಕತ್ತಕ್ಕೆ ಬಂದು, ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ಅಲ್ಲೇ ನಿವೃತ್ತಿಯ ಹತ್ತಿರಕ್ಕೆ ಬಂದಿದ್ದ. ಒಬ್ಬ ಸ್ಟೇಷನ್ ಮಾಸ್ತರ ಇನ್ನೊಬ್ಬ ಸ್ಟೇಷನ್ ಮಾಸ್ತರನಿಗೆ "ಗಾಡಿ ಬಿಡಲೇ?" ಎಂದು ಕೇಳುವ ಲೈನಿನಲ್ಲಿ ಸದ್ದು ಸೇರಿಕೊಂಡರೆ ಏನಾದೀತು, ನೀವೇ ಯೋಚಿಸಿ. ಆ ಸದ್ದನ್ನು ಹುಡುಕಿ, ಬೇರುಸಹಿತ ಕಿತ್ತು ಎಸೆಯುವುದು ಅಪ್ಪನ ಕೆಲಸ. ಊಟಕ್ಕೆ ಕೂತಾಗ ಕೈಕೆಳಗಿನವರ ಮೇಲೆ ಅವನ ದೂರು ಶುರುವಾಗುತ್ತಿತ್ತು. ಯಾವ ಲೈನಿನಲ್ಲಿ ದೋಷ ಹಿಡಿದರೂ ಅವರೆಲ್ಲರದೂ ಒಂದೇ ಉತ್ತರವಂತೆ.

"ಅದು ಹಂಗ ಇರೂದ್ರೀ ಸಾಹೇಬ್ರ, ಅಂತಾನ! ಹಂಗ ಇರೂದು ಅಂತ ಯಾವ ದೇವರು ಬರದು ಕೊಟ್ಟಾನ ಇವಂಗ? ಕೆಲಸ ಬರ್ಲಿಲ್ಲಾ, ಮಾರಿ ಉಳಿಸ್ಕೊಳ್ಳಾಕ ಒಂದು ಮಾತು, ಹಂಗ ಇರೂದು!"

ಅವ್ವ ಸಾರು ಬಡಿಸುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಅಂದರೆ ಅವಳೂ "ಅದು ಹಂಗ ಇರೂದು" ಅಂದು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅಪ್ಪನಿಗೆ ನಗು ಬರುತ್ತಿರಲಿಲ್ಲ.

ಇಂಥವನ ಮಗಳಾಗಿ ಹುಟ್ಟಿ, ನಾನು ಗೊರಗೊರ ಹುಟ್ಟಿಸುವುದಕ್ಕೆಂದೇ ಒಂದು ಪೆಟ್ಟಿಗೆ ಮಾಡಲು ಕೂತೆ.

ಆಗ ನಾನು ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಗೆ ಹೊಸದಾಗಿ ಸೇರಿದ್ದೆ. ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ರಾಜಾರ್‌ಹಾಟ್ ಕಡೆ ಎಮ್ಮೆ ಮೇಯುವ ಬಯಲಿನಲ್ಲಿ ಕ್ರೇನುಗಳು ನಿಂತು, ಅದಕ್ಕೆ ನ್ಯೂ ಟೌನ್ ಅಂತ ಹೆಸರಿಟ್ಟಾಗಿತ್ತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅಪ್ಪನ ಕೆಲಸವೇ, ಆದರೆ ಏಸಿಯಲ್ಲಿ ಕೂತು. ಸಂಜೆಯಾದರೆ ಗಿಟಾರ್. ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರೊಂದನ್ನೂ ಒಂದು ಸಣ್ಣ ಆಂಪ್ಲಿಫೈಯರನ್ನೂ ಕೊಂಡಿದ್ದೆ. ಅವ್ವ ಅದನ್ನು ನೋಡಿ, "ಸೀರಿ ತಗೋತಾಳ ಅನ್ಕೊಂಡಿದ್ದೆ, ಕಟ್ಟಿಗಿ ತಂದಾಳ" ಅಂದಿದ್ದಳು.

ಕೋಲ್ಕತ್ತದ ಆಫೀಸುಗಳಲ್ಲಿ ನಾಲ್ಕು ಜನ ಚಹಾ ಕುಡಿಯಲು ನಿಂತರೆ ಒಂದು ಬ್ಯಾಂಡ್ ಆಗಿಬಿಡುತ್ತದೆ. ನಮ್ಮದೂ ಹಾಗೇ ಆಯಿತು. ಮೂವರು ಬಂಗಾಳಿ ಹುಡುಗರು ಮತ್ತು ನಾನು. ಒಬ್ಬ ಡ್ರಮ್ಮು, ಒಬ್ಬ ಬೇಸ್ ಗಿಟಾರು, ಇನ್ನೊಬ್ಬ ಹಾಡುಗಾರ. ಈ ಹಾಡುಗಾರನಿಗೆ ಉದ್ದ ಕೂದಲು ಮತ್ತು ಅದಕ್ಕಿಂತ ಉದ್ದದ ಅಭಿಪ್ರಾಯಗಳು. ಆಫೀಸಿನ ವಾರ್ಷಿಕೋತ್ಸವದಲ್ಲಿ ನಮಗೆ ಒಂದು ಹಾಡಿನ ಅವಕಾಶ ಸಿಕ್ಕಿತು. ನಾವೇ ಕಟ್ಟಿದ ಹಾಡು, ಗಿಟಾರಿನ ಭಾಗವೆಲ್ಲ ನನ್ನದು. ಆದರೆ ಹಾಡುಗಾರ ಒಂದು ಷರತ್ತು ಹಾಕಿದ. ಗಿಟಾರಿನ ಧ್ವನಿ ಒಡೆಯಬೇಕು, ಗರ್ಜಿಸಬೇಕು, ಡಿಸ್ಟಾರ್ಷನ್ ಬೇಕೇಬೇಕು. ಅದನ್ನು ಹುಟ್ಟಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ, ಅಂದರೆ ಪೆಡಲ್ ಇಲ್ಲದಿದ್ದರೆ ನಮ್ಮ ಹಾಡು ರದ್ದು. ನಾನು ಎಚ್.ಆರ್. ವಿಭಾಗದ ಹೆಂಗಸರ ಸಮೂಹಗಾನದ ಹಿಂದೆ ನಿಂತು ಮೆಲ್ಲಗೆ ತಂತಿ ಮೀಟಬೇಕು. "ಅದೂ ಚೆನ್ನಾಗೇ ಇರುತ್ತೆ, ನಿನಗೆ ಸೂಟ್ ಆಗುತ್ತೆ" ಅಂತ ಹಿಂದಿಯಲ್ಲಿ ಸಮಾಧಾನ ಬೇರೆ ಹೇಳಿದ, ದರಿದ್ರದವನು.

ನನಗೆ ಮೈಯೆಲ್ಲ ಉರಿದುಹೋಯಿತು. ಹೊರದೇಶದ ಪೆಡಲ್‌ಗಳನ್ನು ಅಂಗಡಿಯವನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಮುಟ್ಟಲೂ ಬಿಡುತ್ತಿರಲಿಲ್ಲ. ಹೋಗಲಿ ಬಿಡು, ನಾನೇ ಮಾಡುತ್ತೇನೆ ಅಂದುಕೊಂಡೆ.

ಸೈಬರ್ ಕೆಫೆಯಲ್ಲಿ ಸರ್ಕ್ಯೂಟಿನ ಚಿತ್ರವೊಂದನ್ನು ಪ್ರಿಂಟ್ ಹಾಕಿಸಿದೆ. ಚಾಂದನಿ ಮಾರುಕಟ್ಟೆಯ ಗಲ್ಲಿಯಲ್ಲಿ ಸಾಮಾನು ಕೊಂಡೆ. ಒಳಗಿನ ಗುಟ್ಟು ಏನೂ ದೊಡ್ಡದಲ್ಲ. ಒಂದು ಪುಟ್ಟ ಚಿಪ್ ಗಿಟಾರಿನ ಧ್ವನಿಯನ್ನು ಉಬ್ಬಿಸುತ್ತದೆ. ಆಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಎರಡು ಡಯೋಡ್‌ಗಳು ಆ ಉಬ್ಬಿದ ಧ್ವನಿಯ ತಲೆಯನ್ನೊಂದು, ಕಾಲನ್ನೊಂದು ಕತ್ತರಿಸುತ್ತವೆ. ಹಾಗೆ ಕತ್ತರಿಸಿಕೊಂಡ ಧ್ವನಿ ಗೊರ್ರೆಂದು ಗುಟುರು ಹಾಕುತ್ತದೆ. ಅದೇ ಡಿಸ್ಟಾರ್ಷನ್. ಆ ಎರಡು ಡಯೋಡ್ ಇಲ್ಲವೆಂದರೆ ಇಡೀ ಪೆಡಲ್ಲೇ ದಂಡ. ಇದನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇನ್ನು ಪೆಟ್ಟಿಗೆ. ಲೋಹದ್ದೇ ಆಗಬೇಕು, ಕಾಲಲ್ಲಿ ತುಳಿದರೆ ತಡೆಯಬೇಕು. ಅಡುಗೆಮನೆಯ ಶೆಲ್ಫಿನಲ್ಲಿ ಅವ್ವನ ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ ಕೂತಿತ್ತು. ಚೌಕಾಗಿ, ಗಟ್ಟಿಯಾಗಿ, ನನಗಾಗಿಯೇ ಹುಟ್ಟಿದ ಹಾಗೆ.

"ಅವ್ವಾ, ಇದನ್ನ ಕೊಡು."

"ಮತ್ತ ಚಟ್ನಿ ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲ?"

"ಲೇಕ್ ಮಾರ್ಕೆಟ್‌ಗೆ ಹೋದಾಗ ಬ್ಯಾರೆ ಡಬ್ಬಿ ತರ್ತೀನಿ."

"ಹೋದ ಸಲ ಹುಣಸಿಹಣ್ಣು ತಾ ಅಂದ್ರ ಮರತು ಬಂದಾಕಿ ನೀ" ಅಂದಳು. ಆದರೂ ಕೊಟ್ಟಳು. ಎಷ್ಟು ತೊಳೆದರೂ ಬೆಳ್ಳುಳ್ಳಿಯ ವಾಸನೆ ಹೋಗಲಿಲ್ಲ.

ಡಬ್ಬಿಗೆ ತೂತು ಕೊರೆಯಲು ನಾನು ಡ್ರಿಲ್ ಹಿಡಿದ ರೀತಿಯನ್ನು ಅಪ್ಪನ ಕೈಲಿ ನೋಡಲಾಗಲಿಲ್ಲ. ಬಂದು ಕಿತ್ತುಕೊಂಡ. ಗುಂಡಗೆ, ಚೊಕ್ಕಟವಾಗಿ ಕೊರೆದುಕೊಟ್ಟ. ಏನು ಮಾಡುತ್ತಿದ್ದೀ ಅಂತ ಕೇಳಿದ್ದಕ್ಕೆ, ಧ್ವನಿ ಕೆಡಿಸುವ ಯಂತ್ರ ಅಂದೆ. ಅಪ್ಪ ಡ್ರಿಲ್ಲನ್ನು ಕೆಳಗಿಟ್ಟ.

"ನಾ ಜಲ್ಮೆಲ್ಲಾ ಗೊರಗೊರ ತಗಿಯೂ ಕೆಲಸ ಮಾಡೀನಿ. ನೀ ಅದನ್ನ ಹುಟ್ಟಸಾಕತ್ತೀ ಏನು? ಛಲೋ ಆತು ಬಿಡು. ತೂತು ಹಾಕಿ ಕೊಟ್ಟೀನಿ, ಒಳಗಿಂದು ನೀನ ನೋಡ್ಕೋ."

ಒಂದು ಭಾನುವಾರ ಮಧ್ಯಾಹ್ನ ಪೆಡಲ್ ಸಿದ್ಧವಾಯಿತು. ಗಿಟಾರಿನ ವೈರ್ ಚುಚ್ಚಿ, ಆಂಪ್ಲಿಫೈಯರ್ ಹಾಕಿ, ಕಾಲಲ್ಲಿ ಒತ್ತಿದೆ. ಗರ್ಜನೆ ಬರಲಿಲ್ಲ. ಒಬ್ಬ ಗಂಡಸು ಗಂಭೀರವಾಗಿ, ಬಂಗಾಳಿಯಲ್ಲಿ, ಆಲೂಗಡ್ಡೆ ಬೆಳೆಗೆ ತಗಲುವ ಹುಳದ ಬಗ್ಗೆ ಮಾತಾಡಿದ. ನನ್ನ ಯಂತ್ರ ಆಕಾಶವಾಣಿಯನ್ನು ಹಿಡಿದಿತ್ತು. ಅವ್ವ ಕೈ ಒರೆಸಿಕೊಳ್ಳುತ್ತ ಓಡಿಬಂದು, "ನೋಡ್ರೀ, ನಮ್ಮ ಹುಡುಗಿ ರೇಡಿಯೋ ಮಾಡ್ಯಾಳ!" ಅಂತ ಸಂಭ್ರಮಪಟ್ಟಳು. ಡಬ್ಬಿಯ ಮೈಗೆ ಅರ್ಥ್ ವೈರ್ ಜೋಡಿಸುವುದು ಮರೆತುಹೋಗಿತ್ತು. ಜೋಡಿಸಿದ ಮೇಲೆ ಆಲೂಗಡ್ಡೆಯವನು ಮಾಯವಾದ. ಮತ್ತೆ ತಂತಿ ಮೀಟಿದೆ.

ಅಬ್ಬಬ್ಬಾ, ಏನದು ಧ್ವನಿ! ಕಿಟಕಿಯ ಗಾಜು ಅದುರಿತು. ಕೆಳಮನೆಯ ಬಂಗಾಳಿ ಹೆಂಗಸು ಮಾಶಿಮಾ ಮೆಟ್ಟಿಲು ಹತ್ತಿ ಬಂದು, ನಿಮ್ಮ ಮಿಕ್ಸರ್ ಸುಟ್ಟುಹೋಯಿತಾ ಅಂತ ಬಂಗಾಳಿಯಲ್ಲಿ ವಿಚಾರಿಸಿದರು. ನನಗೆ ಕುಣಿಯುವಷ್ಟು ಖುಷಿ.

ಅಪ್ಪ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ. ಹಲ್ಲುನೋವು ಬಂದವರ ಮುಖ.

"ಕೆಟ್ಟೈತಲ್ಲ" ಅಂದ.

"ಕೆಟ್ಟಿಲ್ಲಪ್ಪಾ. ಅದು ಹಂಗ ಇರೂದು."

ಅಪ್ಪ ನನ್ನನ್ನು ಒಂದು ಥರ ನೋಡಿದ. ಬೈಯಲಿಲ್ಲ, ವಾದಿಸಲಿಲ್ಲ. ತಲೆ ಆಡಿಸಿ ಒಳಗೆ ಹೋದ. ಗೆದ್ದೆ ಅಂದುಕೊಂಡೆ ನಾನು. ಮಣ್ಣು ಗೆದ್ದೆ.

ರಿಹರ್ಸಲ್‌ನಲ್ಲಿ ಪೆಡಲ್ಲಿನ ಪ್ರತಾಪ ಕೇಳಿ ಹಾಡುಗಾರನ ಬಾಯಿ ಮುಚ್ಚಿತು. ಡಬ್ಬಿಯನ್ನು ಮೂಸಿ ನೋಡಿ, ಬೆಳ್ಳುಳ್ಳಿ ವಾಸನೆ ಯಾಕೆ ಬರುತ್ತೆ ಅಂತ ಕೇಳಿದ. ಸರ್ಕ್ಯೂಟ್ ಬಿಸಿಯಾದರೆ ಹಾಗೇ ಅಂದೆ. ನಂಬಿದ. ಸಾಫ್ಟ್‌ವೇರ್ ಇಂಜಿನಿಯರ್! ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಕಾರ್ಯಕ್ರಮದ ಹಿಂದಿನ ದಿನ ಬ್ಯಾಟರಿಯ ವೈರ್ ಕಿತ್ತು ಬಂತು. ಮರುದಿನ ಬೆಳಿಗ್ಗೆಯೇ ನಾನು ಸ್ಟೇಜಿನ ಕೆಲಸಕ್ಕೆ ಹಾಲ್‌ಗೆ ಹೋಗಬೇಕಿತ್ತು. ಡಬ್ಬಿಯನ್ನು ಅಪ್ಪನ ಕೈಲಿಟ್ಟೆ.

"ಇದೊಂದು ವೈರ್ ಬೆಸೆದು, ಸಂಜಿಗೆ ಬರೂವಾಗ ತಗೊಂಡ್ ಬಾ ಅಪ್ಪಾ. ಅದೊಂದ ವೈರ್. ಬ್ಯಾರೆ ಏನೂ ಮಾಡಬ್ಯಾಡ."

"ಆತು" ಅಂದ ಅಪ್ಪ.

ಸಿಗ್ನಲ್ ಇನ್‌ಸ್ಪೆಕ್ಟರ್ ಒಬ್ಬನಿಗೆ ಮುಚ್ಚಳ ತೆಗೆಯಲು ಅನುಮತಿ ಕೊಟ್ಟು, ಒಂದೇ ವೈರ್ ನೋಡು ಅನ್ನುವುದಿದೆಯಲ್ಲ, ಅಂಥ ಮೂರ್ಖತನ ಇನ್ನೊಂದಿಲ್ಲ. ದೊಡ್ಡ ಸಾಹೇಬರ ಸ್ಪೆಷಲ್ ಗಾಡಿ ಬರುವ ಮೊದಲು ಆ ಮಾರ್ಗದ ಪ್ರತಿಯೊಂದು ನಟ್ಟನ್ನೂ ಮುಟ್ಟಿ ನೋಡುವ ಜನ ಅವರು. ನನಗೆ ತಿಳಿಯಬೇಕಿತ್ತು.

ಸಂಜೆ ಹಾಲ್ ತುಂಬಿತ್ತು. ಚಳಿಗಾಲ. ಅಪ್ಪ ಬಂಗಾಳಿಗಳನ್ನೂ ಮೀರಿಸುವ ಹಾಗೆ ಮಂಕಿ ಕ್ಯಾಪ್ ಹಾಕಿಕೊಂಡು, ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಜೊತೆಗೆ ರೇಷ್ಮೆ ಸೀರೆಯ ಅವ್ವ. ನನ್ನ ಆಫೀಸಿನ ಯಾವುದಕ್ಕೂ ಬಂದವನಲ್ಲ ಅಪ್ಪ. ಇವತ್ತು ಮುಂದಿನ ಸಾಲಿನಲ್ಲೇ ಕೂತ. ಡಬ್ಬಿ ಕೊಡುವಾಗ, "ಚಿಂತಿ ಮಾಡಬ್ಯಾಡ, ಫಸ್ಟ್ ಕ್ಲಾಸ್ ಐತಿ" ಅಂತ ಬೆನ್ನು ತಟ್ಟಿದ. ಮೊದಲೇ ನುಡಿಸಿ ನೋಡಲು ಸಮಯ ಸಿಗಲಿಲ್ಲ. ಮೇಲಧಿಕಾರಿಯೊಬ್ಬರು ಸ್ಟೇಜಿನ ಮೇಲೆ ನಿಂತು ಕಂಪನಿ ಹೇಗೆ ಬೆಳೆಯುತ್ತಿದೆ ಎಂದು ಹೇಳುತ್ತಿದ್ದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಅದು ಇನ್ನಷ್ಟು ಬೆಳೆದಿರಬೇಕು. ಸಮೂಹಗಾನವೂ ಮುಗಿಯಿತು. ನಮ್ಮ ಸರದಿ ಬಂತು.

ಡ್ರಮ್ಮಿನವನು ಎಣಿಸಿದ. ನಾನು ಪೆಡಲನ್ನು ಒತ್ತಿ, ಕೈ ಬೀಸಿ ತಂತಿ ಹೊಡೆದೆ.

ಟಿಣ್.

ಸ್ಫಟಿಕದಂಥ ಧ್ವನಿ. ಬೆಳಗಿನ ಭಕ್ತಿಗೀತೆಯ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮತ್ತೆ ಒತ್ತಿದೆ, ಮತ್ತೆ ಹೊಡೆದೆ. ಟಿಣ್ ಟಿಣ್ ಟಿಣ್. ಮುಂಚಿಗಿಂತ ಜೋರಾಗಿ, ಮುಂಚಿಗಿಂತ ತಿಳಿಯಾಗಿ. ಹಾಡುಗಾರ ಕೂದಲ ಸಂದಿಯಿಂದ ನನ್ನನ್ನು ನುಂಗುವ ಹಾಗೆ ನೋಡಿದ. ಕೆಳಗೆ ಅಪ್ಪ ಪಕ್ಕದವನ ಮೊಣಕೈ ತಿವಿದು ನನ್ನನ್ನು ತೋರಿಸಿದ. ಆಮೇಲೆ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಹೆಬ್ಬೆರಳು ನೋಡಿದ್ದೇ ನನಗೆ ಎಲ್ಲ ಅರ್ಥವಾಯಿತು. ಅಯ್ಯೋ ನನ್ನ ಕರ್ಮವೇ!

ಹಾಡು ನಿಂತಿತು. ಹಾಡುಗಾರ ಮೈಕಿನಲ್ಲಿ, ಸಣ್ಣ ಟೆಕ್ನಿಕಲ್ ಪ್ರಾಬ್ಲಂ, ಕ್ಷಮಿಸಿ ಅಂದ. ಸಮೂಹಗಾನದ ಹೆಂಗಸರು ಮತ್ತೆ ಸ್ಟೇಜಿನ ಕಡೆ ಆಸೆಯಿಂದ ನೋಡತೊಡಗಿದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಮಂಕಿ ಕ್ಯಾಪೊಂದು ಎದ್ದಿತು. ಟೆಕ್ನಿಕಲ್ ಪ್ರಾಬ್ಲಂ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪ ಕೂತಿರುವುದು ಸಾಧ್ಯವೇ ಇರಲಿಲ್ಲ. ಸರಸರ ಸ್ಟೇಜು ಹತ್ತಿ ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ಏನಾತು?"

"ಏನಾತು ಅಂತ ನನ್ನ ಕೇಳ್ತೀ? ಏನ್ ಮಾಡಿದಿ ಅಪ್ಪಾ ಇದಕ್ಕ?"

"ವೈರ್ ಬೆಸದೆ. ಒಳಗ ನೋಡಿದ್ರ ಎರಡು ಡಯೋಡ್ ಧ್ವನಿ ತಲಿ ಕಡ್ಯಾಕತ್ತಿದ್ದುವು. ತಗದೆ. ಈಗ ನೋಡು, ಗಂಟಿ ಹೊಡದಂಗ ಬರಾಕತ್ತೈತಿ."

"ಅವು ತಲಿ ಕಡೀಲಿ ಅಂತನ ಹಾಕಿದ್ದಪ್ಪಾ! ಆ ಗೊರಗೊರನ ನಮಗ ಬೇಕಾಗಿದ್ದು!"

ಇದೆಲ್ಲ ಮೈಕಿನಲ್ಲಿ ಇಡೀ ಹಾಲ್‌ಗೆ ಕೇಳಿಸುತ್ತಿತ್ತು. ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಪುಣ್ಯ. ಅವ್ವ ಒಬ್ಬಳು ಕೂತಲ್ಲಿಂದಲೇ, "ಏ, ಮಂದಿ ಮುಂದ ಹುಡುಗಿಗೆ ಬೈಬ್ಯಾಡ್ರೀ!" ಅಂತ ಕೂಗಿದಳು.

ಅಪ್ಪ ಮಂಕಿ ಕ್ಯಾಪಿನೊಳಗಿಂದ ನನ್ನನ್ನೇ ನೋಡಿದ.

"ಅಂದ್ರ ನೀ ಅವತ್ತ ಹೇಳಿದ್ದು ಖರೇನ? ಹಂಗ ಇರೂದು ಅಂದಿದ್ದು?"

"ಮತ್ತೇನು ಸುಳ್ಳ ಹೇಳ್ತೀನಾ?"

"ನಾ ಬ್ಯಾರೆ ತಿಳ್ಕೊಂಡೆ ಯವ್ವಾ" ಅಂದ ಅಪ್ಪ, ಬಲು ಸಣ್ಣ ದನಿಯಲ್ಲಿ. "ಪಾಪ ಇದಕ್ಕ ಮಾಡಾಕ ಬರ್ಲಿಲ್ಲಾ, ಮಾರಿ ಉಳಿಸ್ಕೊಳ್ಳಾಕ ಹಂಗ ಅಂದೈತಿ ಅಂತ ತಿಳ್ಕೊಂಡೆ. ಇಷ್ಟು ಮಂದಿ ಮುಂದ ನಿನ್ನ ಮಾನ ಹೋಗಬಾರದು ಅಂತ ಬೆಳಿಗ್ಗಿಂದ ಕುಂತು ರಿಪೇರಿ ಮಾಡಿದೆ."

ನನಗೆ ಅವನ ಕತ್ತು ಹಿಸುಕಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ಅಷ್ಟೇ ಜೋರಾಗಿ ಅಳುವೂ ಬಂತು. ಬೆಳಗಿನಿಂದ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ನನ್ನ ಮಾನ ಉಳಿಸಲು ಕೂತಿದ್ದಾನೆ ಮುದುಕ.

"ಆ ಡಯೋಡ್ ಎಲ್ಲವ ಅಪ್ಪಾ? ಒಗದಿ?"

"ಒಗೀತಾರೇನ ಯಾರರೆ!" ಅಂದು ಅಪ್ಪ ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದ. ಒಳಗೆ ಎರಡೂ ಡಯೋಡ್ ಹತ್ತಿಯ ಮೇಲೆ ಮಲಗಿದ್ದವು. ಯಂತ್ರದಿಂದ ಬಿಚ್ಚಿದ ಸಾಮಾನನ್ನು ಒಡೆಯನಿಗೆ ವಾಪಸ್ ಒಪ್ಪಿಸಬೇಕು, ಅದು ರೈಲ್ವೆಯ ರಿವಾಜು. ಕಾರ್ಯಕ್ರಮ ಮುಗಿದ ಮೇಲೆ ನನಗೆ ಒಪ್ಪಿಸಲು ತಂದಿದ್ದನಂತೆ.

ಸ್ಟೇಜಿನ ಮೇಲೆ ಬೆಸೆಯುವುದಕ್ಕೆ ಸೋಲ್ಡರಿಂಗ್ ಐರನ್ ಎಲ್ಲಿಂದ ಬರಬೇಕು? ಅಪ್ಪ ಯೋಚಿಸಲೂ ಇಲ್ಲ. ಒಂದಕ್ಕೊಂದು ಉಲ್ಟಾ ಇಟ್ಟು ಎರಡೂ ಡಯೋಡಿನ ಕಾಲು ಹೊಸೆದ. ಮುಚ್ಚಳ ತೆಗೆದು, ಒಂದು ತುದಿಯನ್ನು ಸರ್ಕ್ಯೂಟಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಇನ್ನೊಂದು ತುದಿಯನ್ನು ತೋರುಬೆರಳಿನಿಂದ ಡಬ್ಬಿಯ ಗೋಡೆಗೆ ಒತ್ತಿದ.

"ಹೊಡಿ" ಅಂದ.

"ಕೈಲೆ ಹಿಡ್ಕೊಂಡ ಕೂಡ್ತೀ ಏನು?"

"ಒಂಬತ್ತು ವೋಲ್ಟಿನ ಬ್ಯಾಟರಿ ನನಗೇನ್ ಮಾಡ್ತೈತಿ? ಹೊಡಿ ನೀ."

ಹೊಡೆದೆ. ಗೊರ್ರ್ ಅಂತ ಹಾಲ್ ನಡುಗಿತು. ಸಮೂಹಗಾನದ ಹೆಂಗಸರು ಕಿವಿ ಮುಚ್ಚಿಕೊಂಡರು. ಡ್ರಮ್ಮಿನವನು ತಡಮಾಡದೆ ಹಾಡು ಎತ್ತಿಕೊಂಡ. ನಾನು ನುಡಿಸುತ್ತಿದ್ದೆ, ನನ್ನ ಕಾಲ ಬಳಿ ಮಂಕಿ ಕ್ಯಾಪಿನ ಇನ್‌ಸ್ಪೆಕ್ಟರ್ ಸಾಹೇಬರು ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ದೋಷವನ್ನು ಹಿಡಿದುಕೊಂಡಿದ್ದರು. ಬೆರಳು ಸಡಿಲವಾದರೆ ಧ್ವನಿ ತಿಳಿಯಾಗುತ್ತದೆ, ಒತ್ತಿದರೆ ಕೆಡುತ್ತದೆ. ಜೀವಮಾನವಿಡೀ ಹೊಡೆದೋಡಿಸಿದ ಗೊರಗೊರವನ್ನು ಅಪ್ಪ ಈಗ ಜಾರಿಹೋಗದ ಹಾಗೆ ಕಾಯುತ್ತಿದ್ದ.

ಹಾಡಿನ ನಡುವೆ ಮೆಲ್ಲಗಿನ ಭಾಗವೊಂದಿದೆ. ಅಲ್ಲಿ ಗಿಟಾರು ತಿಳಿಯಾಗಬೇಕು. ರಿಹರ್ಸಲ್‌ನಲ್ಲಿ ನಾನು ಅಲ್ಲಿಗೆ ಬಂದಾಗ ಪೆಡಲನ್ನು ಕಾಲಿನಿಂದ ಆಫ್ ಮಾಡುತ್ತಿದ್ದೆ. ಈಗ ಅಪ್ಪನ ಕೈ ಡಬ್ಬಿಯಲ್ಲಿದೆ, ತುಳಿಯುವುದು ಹೇಗೆ? ಗಾಬರಿಯಾಗಿ ಕೆಳಗೆ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಮನೆಯಲ್ಲಿ ತಿಂಗಳುಗಟ್ಟಲೆ ನಾನು ಅದನ್ನೇ ನುಡಿಸಿದ್ದೆನಲ್ಲ, ಬಾಗಿಲಾಚೆ ಹಲ್ಲು ಕಚ್ಚಿಕೊಂಡು ಎಲ್ಲ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. ಸರಿಯಾದ ಜಾಗಕ್ಕೆ ಬರುತ್ತಲೂ ಹೆಬ್ಬೆರಳು ಮೇಲಕ್ಕೆ ಬಂತು. ಟಿಣ್ ಟಿಣ್ ಅಂತ ಗಿಟಾರು ಹರಿಯಿತು. ಹಾಡು ಮತ್ತೆ ಏರುವ ಕ್ಷಣಕ್ಕೆ ಸರಿಯಾಗಿ ಬೆರಳು ಇಳಿಯಿತು. ಗೊರ್ರ್! ಒಂದು ಗುಂಜಿಯೂ ಆಚೆ ಈಚೆ ಆಗಲಿಲ್ಲ. ನನ್ನ ಕಾಲಿಗೆ ಅಷ್ಟು ಲಯ ಯಾವತ್ತೂ ಬಂದಿರಲಿಲ್ಲ.

ಜನ ಇದೂ ಕಾರ್ಯಕ್ರಮದ ಭಾಗವೆಂದೇ ತಿಳಿದರು. ಹಾಡು ಮುಗಿಯುತ್ತಲೂ "ಕಾಕು! ಕಾಕು!" ಎಂದು ಚೀರಿದರು. ಬಂಗಾಳಿಯಲ್ಲಿ ಅದು ಚಿಕ್ಕಪ್ಪ. ನಮ್ಮ ಕಡೆ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಪ್ಪ ಎದ್ದು ನಿಲ್ಲಲು ಹೋದರೆ ಮೊಣಕಾಲು ಹಿಡಿದುಕೊಂಡಿತ್ತು. ಹಾಡುಗಾರ ಒಂದು ಕಡೆ, ನಾನೊಂದು ಕಡೆ ರಟ್ಟೆ ಹಿಡಿದು ಎಬ್ಬಿಸಿದೆವು. ಆ ಉದ್ದ ಕೂದಲಿನವನು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅದಾದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಈಗಲೂ ಇದೆ.

ಬಸ್ಸಿನಲ್ಲಿ ಅಪ್ಪ ಬೆರಳ ತುದಿಯಲ್ಲಿ ಡಯೋಡಿನ ಕಾಲು ಒತ್ತಿದ ಗುರುತನ್ನು ಉಜ್ಜಿಕೊಳ್ಳುತ್ತ ಕೂತಿದ್ದ. ಅವ್ವ, "ಸಪ್ಪಳ ಛಲೋ ಇತ್ತಲ್ರೀ?" ಅಂತ ಕೆಣಕಿದಳು. ಅವನು ಕಿಟಕಿಯಾಚೆ ನೋಡಿದ.

ಬೆಳಿಗ್ಗೆ ಎದ್ದಾಗ ಡಬ್ಬಿ ನನ್ನ ಗಿಟಾರಿನ ಪಕ್ಕದಲ್ಲಿತ್ತು. ಮುಚ್ಚಳ ತೆಗೆದೆ. ಎರಡೂ ಡಯೋಡ್‌ಗಳು ತಮ್ಮ ಜಾಗದಲ್ಲಿದ್ದವು, ನಾನು ಬೆಸೆದಿದ್ದಕ್ಕಿಂತ ಎಷ್ಟೋ ಅಂದವಾಗಿ. ಮುಚ್ಚಳದ ಒಳಮೈಗೆ ಒಂದು ರಟ್ಟಿನ ಚೀಟಿ ಅಂಟಿಸಿತ್ತು. ಪರೀಕ್ಷೆ ಮಾಡಿ ಒಪ್ಪಿದ ಯಂತ್ರಗಳಿಗೆ ಅಪ್ಪ ಡ್ಯೂಟಿಯಲ್ಲಿ ಹಚ್ಚುತ್ತಿದ್ದಂಥದೇ ಚೀಟಿ. ಕೆಳಗೆ ಅವನ ಸಹಿ, ಮೇಲೆ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಒಂದೇ ಸಾಲು:

ಅದು ಹಂಗ ಇರೂದು.

ನೆಲದ ಮೇಲೆ ಕೂತು ಮನಸಾರೆ ನಕ್ಕೆ, ಆಮೇಲೆ ಮನಸಾರೆ ಅತ್ತೆ. ಚೀಟಿ ಈಗಲೂ ಅಲ್ಲೇ ಇದೆ. ಗಿಟಾರಿನ ಹುಡುಗರು ಯಾರಾದರೂ ಮುಚ್ಚಳ ತೆಗೆದು ನೋಡಿ, ಇದು ಯಾವ ದೇಶದ ಪೆಡಲ್, ಏನು ಬರೆದಿದೆ ಅಂತ ಕೇಳುತ್ತಾರೆ. ತಯಾರಿಸಿದ ಕಂಪನಿಯ ಗ್ಯಾರಂಟಿ ಅನ್ನುತ್ತೇನೆ.